ದಾರಿ ಕೊಡಿ, ಮಾನ್ಯರೇ

ಕುವಾಲ ಬೆದುಂಗ್,
ಫೆಬ್ರವರಿ ೨೧, ಶುಕ್ರವಾರ

ಪ್ರೀತಿಯ ಮಾಸ್ತುರಾ,

ಅಸ್ಸಲಾಮು ಅಲೈಕುಂ. ನಿನ್ನ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೆಲಸವಿತ್ತು ಎಂದು ಸುಳ್ಳು ಹೇಳಲಾರೆ. ವಿಧಾನಸಭೆ ವಿಸರ್ಜನೆಯಾದ ಮೇಲೆ ನನಗೆ ಕೆಲಸವೇ ಇಲ್ಲ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಅದಕ್ಕೇ ಇಬ್ಬರೂ ಕಾಗದಕ್ಕೆ ಬಂದಿದ್ದೇವೆ.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಅವಳ ಮಾತು ಕೇಳುವುದಿಲ್ಲ, ಅವಳು ಡಾಕ್ಟರ ಮಾತು ಕೇಳುವುದಿಲ್ಲ. ಹೊಳೆಯ ನೀರು ಇಳಿದಿದೆ. ಕುಚಿಂಗ್‌ನಲ್ಲಿ ಮಳೆ ನಿಂತಿತೇ? ನಿನ್ನ ಶಾಲೆಯ ಸೂರು ಸೋರುತ್ತಿದೆ ಎಂದಿದ್ದೆ. ಅಲ್ಲಿನ ವಿಧಾನಸಭೆಯ ಯಾರಾದರೂ ಸದಸ್ಯರಿಗೆ ಬರೆ. ನನಗಲ್ಲ, ಸಭೆಯಲ್ಲಿ ಇನ್ನೂ ಸಮಯ ಇರುವವರಿಗೆ.

ಎರಡು ಪತ್ರಗಳಲ್ಲೂ ನಿನ್ನ ಪ್ರಶ್ನೆ ಒಂದೇ: "ಅಪ್ಪ, ಸಭೆಯಲ್ಲಿ ನೀವ್ಯಾಕೆ ಅಣ್ಣನಿಗೆ ದಾರಿ ಕೊಟ್ರಿ?" ಇಲ್ಲಿ ಮೀನಿನಂಗಡಿಯವನೂ ಅದನ್ನೇ ಕೇಳುತ್ತಾನೆ. ಅವನಿಂದ ನಕ್ಕು ತಪ್ಪಿಸಿಕೊಳ್ಳಬಹುದು, ನಿನ್ನಿಂದ ಆಗದು.

ನಮ್ಮ ಸಭಾಂಗಣವನ್ನು ನೀನು ನೋಡಿದ್ದೀಯ. ಕಿಟಕಿಯಿಲ್ಲ. ಹೊರಗೆ ಬಿಸಿಲೋ ಮಳೆಯೋ ತಿಳಿಯುವುದಿಲ್ಲ; ಏಸಿಯ ಚಳಿಗೆ ಎಲ್ಲರೂ ಕೋಟಿನೊಳಗೆ ಕುಗ್ಗಿಕೊಂಡಿರುತ್ತಾರೆ. ನನ್ನ ಕುರ್ಚಿ ಸಾಲಿನ ನಡುವೆ. ಎದ್ದು ಹೋಗಬೇಕಾದರೆ ಮೂವರ ಮೊಣಕಾಲು ದಾಟಬೇಕು, ಹಾಗಾಗಿ ಯಾರೂ ಏಳುವುದಿಲ್ಲ. ಅಲ್ಲಿ ಯಾರಿಗೂ ಹೆಸರಿಲ್ಲ, ಕ್ಷೇತ್ರವಷ್ಟೇ ಇರುತ್ತದೆ. ನಾನೇ ಕಿವಿಯಲ್ಲಿ ಬಾಂಗ್ ಹೇಳಿ ಇಲ್ಹಾಮ್ ಎಂದು ಹೆಸರಿಟ್ಟ ಮಗು ಅಲ್ಲಿ ತನ್ನ ಕ್ಷೇತ್ರದ ಒಂದು ಗುಡ್ಡ: ಬುಕಿತ್ ರಾಂಗ್ಸದ ಮಾನ್ಯ ಸದಸ್ಯರು. ಅವನನ್ನು ನಾನು ನೇರವಾಗಿ ಮಾತಾಡಿಸುವಂತೆಯೂ ಇಲ್ಲ. ಎಲ್ಲವೂ ಸಭಾಧ್ಯಕ್ಷರ ಮೂಲಕ. ಅವನು ಆಡಳಿತ ಪಕ್ಷ ಸೇರಿದ ಮೇಲೆ ಮನೆಯಲ್ಲಿ ಅಷ್ಟು ಮಾತೂ ಉಳಿಯಲಿಲ್ಲವೆಂಬುದು ನಿನಗೆ ಗೊತ್ತು. ಆಮೇಲಿನ ಮೂರು ಈದ್‌ಗಳಿಗೂ ಬಂದ, ನಾನು ಮಸೀದಿಯಲ್ಲಿರುವ ಹೊತ್ತು ನೋಡಿಕೊಂಡು. ಅಮ್ಮನ ಕೈಗೆ ಮುತ್ತಿಟ್ಟು, ಉಂಡು, ನನ್ನ ಚಪ್ಪಲಿಯ ಸದ್ದು ಬರುವ ಮೊದಲೇ ಕಾರು ಹತ್ತಿದ.

ಸಭೆಯ ನಿಯಮ ತಿದ್ದುವ ನನ್ನ ನಿರ್ಣಯದ ಕಥೆ ನಿನಗೆ ಬಾಯಿಪಾಠ. ಸರ್ಕಾರಿ ಕಲಾಪ ಎಷ್ಟೇ ಉದ್ದವಾಗಲಿ, ಮಂತ್ರಿಗಳಲ್ಲದ ಖಾಸಗಿ ಸದಸ್ಯರಿಗೆಂದು ಒಂದು ಬೆಳಗ್ಗೆ ಮೀಸಲಿರಬೇಕು. ಮಾತಿನ ಸಮಯವನ್ನು ಎರಡೂ ಕಡೆಗೆ ಸದಸ್ಯರ ಸಂಖ್ಯೆ ನೋಡಿ ಹಂಚಬೇಕು. ಮೂರನೆಯದು ಈ ದಾರಿಯದ್ದು. ಒಬ್ಬ ಮಾತಾಡುತ್ತಿರುವಾಗ ಇನ್ನೊಬ್ಬ ಎದ್ದು ದಾರಿ ಬೇಡುತ್ತಾನೆ. ಕೊಡುವುದು, ಬಿಡುವುದು ಮಾತಾಡುವವನ ಇಷ್ಟ. ಕೊಟ್ಟರೆ, ಬೇಡಿದವನು ಆಡಿದ ಹೊತ್ತೆಲ್ಲ ಕೊಟ್ಟವನ ಪಾಲಿನಿಂದಲೇ ಕಳೆಯುತ್ತದೆ. ಹಾಗೆ ಕಳೆಯಬಾರದು ಎಂದು ನಾನು ಬರೆದಿದ್ದೆ. ನಗಬೇಡ.

ಪ್ರತಿ ಅಧಿವೇಶನದಲ್ಲೂ ನಿರ್ಣಯ ಪಟ್ಟಿಯ ತಳದಲ್ಲಿರುತ್ತಿತ್ತು, ಪಟ್ಟಿ ತಳ ಮುಟ್ಟುವ ಮೊದಲೇ ಅಧಿವೇಶನ ಮುಗಿಯುತ್ತಿತ್ತು. ಈ ಸಲ, ಕಟ್ಟಕಡೆಯ ದಿನ, ಸರದಿ ಬಂತು. ಆಡಳಿತ ಪಕ್ಷದ ಕೆಲವರು ಕ್ಯಾಂಟೀನಿನಲ್ಲಿ ನನ್ನ ಭುಜ ತಟ್ಟಿ, "ಮತಕ್ಕೆ ಹಾಕ್ಸಿ ಸಾಕು, ಆಮೇಲೆ ನೋಡಿ" ಎಂದಿದ್ದರು. ನನಗೆ ಇಪ್ಪತ್ತು ನಿಮಿಷ. ಅಷ್ಟರೊಳಗೆ "ನಿರ್ಣಯವನ್ನು ಮಂಡಿಸುತ್ತೇನೆ" ಎಂಬ ಮಾತು ನನ್ನ ಬಾಯಿಂದ ಬರಬೇಕು. ಪಕ್ಕದ ಕುರ್ಚಿಯ, ನಮ್ಮ ಪಕ್ಷದ ಫೂಯ್ ಲಾನ್ ಎದ್ದು ಅನುಮೋದಿಸಬೇಕು. ಮಂಡಿಸದ ನಿರ್ಣಯ ಸಭೆಯೊಂದಿಗೇ ಸಾಯುತ್ತದೆ.

ಪೀಠಿಕೆ ಮುಗಿಸಿದ್ದೆ. ಎದುರಿನ ಹಿಂದಿನ ಸಾಲಿನಲ್ಲಿ ಇಲ್ಹಾಮ್ ಎದ್ದ.

"ದಾರಿ ಕೊಡಿ, ಮಾನ್ಯರೇ."

ನಾನು ಕುಳಿತೆ. ಅವನ ಕೈಯಲ್ಲಿ ಅವರ ಸಚೇತಕ ಕೊಟ್ಟ ಹಾಳೆಯಿತ್ತು. "ಸಭಾಧ್ಯಕ್ಷರೇ, ಆ ಮೀಸಲು ಬೆಳಗ್ಗೆ ಮಂತ್ರಿಗಳು ಎಲ್ಲಿ ಕೂರ್ಬೇಕು? ಕ್ಯಾಂಟೀನಲ್ಲಾ?" ಎಂದು ಓದಿದ. ಅವರ ಕಡೆಯವರು ಮೇಜು ಕುಟ್ಟಿದರು. ಅವನು ನಿಧಾನವಾಗಿ ಓದುತ್ತಲೇ ಹೋದ.

ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ. ಫೂಯ್ ಲಾನ್ ನನ್ನ ತೋಳು ಹಿಡಿದಳು. "ಕೊಡಬೇಡಿ ಅಣ್ಣ! ಮಗನಾದ್ರೇನು, ನಿಮ್ಮ ಟೈಮ್ ತಿನ್ನೋಕೇ ಬಿಟ್ಟಿದಾರೆ ಅವನನ್ನ." ನಾನು ಕೊಟ್ಟೆ. ಗೋಡೆಯ ಗಡಿಯಾರ ಯಾವ ಕಾಲದ್ದು, ಅದರ ಮೇಲೆ ನಂಬಿಕೆ ಇಡಬಹುದೇ ಎಂದು ಅವನು ವಿಚಾರಿಸಿದ. ನಾನು ಗಡಿಯಾರ ನೋಡಲಿಲ್ಲ, ಅವನ ದನಿ ಕೇಳುತ್ತಿದ್ದೆ. ಮೂಗು ಕಟ್ಟಿತ್ತು.

ಮೂರನೆಯ ಸಲ ಎದ್ದಾಗ ಹಾಳೆ ಮೇಜಿನ ಮೇಲೇ ಇತ್ತು. "ಸಭಾಧ್ಯಕ್ಷರೇ, ಎಲ್ರಿಗೂ ಮಾತಾಡೋಕೆ ಹೊತ್ತು ಬೇಕು ಅಂತಾರೆ ಮಾನ್ಯರು. ಮಾತಾಡು ಅಂತ ಹೇಳಿಸ್ಕೊಂಡು ಬಂದವನಿಗೆ ಸುಮ್ನಿರೋ ಹಕ್ಕು ಇದ್ರಲ್ಲಿ ಎಲ್ಲಾದ್ರೂ ಇದೆಯಾ?"

ಎರಡೂ ಕಡೆಯವರು ನಕ್ಕರು. ಇಡೀ ದಿನ ಸಭೆ ಒಟ್ಟಾಗಿ ನಕ್ಕಿದ್ದು ಅದೊಂದೇ ಸಲ. ಅವನು ನಗಲಿಲ್ಲ, ಕುಳಿತ.

ಗಂಟೆ ಹೊಡೆಯಿತು. "ಮಾನ್ಯರ ಸಮಯ ಮುಗಿಯಿತು" ಎಂದರು ಸಭಾಧ್ಯಕ್ಷರು. ಮಂಡಿಸುವ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ ಫೋನಿನಲ್ಲಿ ನೇರಪ್ರಸಾರ ನೋಡಿ ಮುಗಿಸಿದ್ದಳು. ಬೈಗುಳಕ್ಕೆ ಸಿದ್ಧನಾಗಿದ್ದೆ. "ಅವನಿಗೆ ನೆಗಡಿ ಆಗಿದೆ. ನಿಮಗೆ ಕೇಳಿಸ್ತಾ?" ಎಂದಳು. ಕೇಳಿಸಿತು ಎಂದೆ. ಮರುದಿನ ಶುಂಠಿ ಜಜ್ಜಿ, ಬೆಲ್ಲದಲ್ಲಿ ಕುದಿಸಿ, ಬಾಟಲಿಗೆ ತುಂಬಿ ಅವನಿದ್ದಲ್ಲಿಗೆ ಕಳಿಸಿದಳು. ಬಾಟಲಿ ತೊಳೆದು ವಾಪಸು ಬಂತು, ಚೀಟಿಯಿಲ್ಲದೆ.

ಉಳಿದ ಸುದ್ದಿ ನಿನಗೆ ತಿಳಿದಿದೆ. ಅಪ್ಪನ ಸಮಯ ನುಂಗಿದ ಮಗ ಎಂದು ಊರೆಲ್ಲ ಅವನ ಚಿತ್ರ ಹಂಚುತ್ತಿದೆ. ನನ್ನ ಪಕ್ಷ ನನಗೆ ಟಿಕೆಟ್ ಕೊಟ್ಟಿಲ್ಲ, "ನೀವು ಮನೆ ನೋಡ್ಕೊಳ್ಳಿ" ಎಂದರು. ಫೂಯ್ ಲಾನ್ ಎದುರು ಸಿಕ್ಕರೆ ಫೋನು ಕಿವಿಗಿಡುತ್ತಾಳೆ. ಇಲ್ಹಾಮ್‌ಗೂ ಅವನ ಪಕ್ಷ ಟಿಕೆಟ್ ಕೊಟ್ಟಿಲ್ಲ. "ಅವರ ಕೆಲಸ ಮಾಡಿಕೊಟ್ಟವನಿಗೆ ಯಾಕೆ ಕೊಡಲಿಲ್ಲ?" ಎಂದು ಬರೆದಿದ್ದೀಯ. ಇನ್ನು ಆ ಸಭಾಂಗಣಕ್ಕೆ ನಾವಿಬ್ಬರೂ ಹೋಗುವುದಿಲ್ಲ. ನಾವು ಮಾತಾಡಬಹುದಾಗಿದ್ದ ಜಾಗ ಅದೊಂದೇ ಆಗಿತ್ತು.

ಅಣ್ಣ ಬರುವುದಾದರೆ ಈ ಈದ್‌ಗೆ ನೀನು ಬರುವುದಿಲ್ಲ ಎಂದಿದ್ದೀಯ. ಬಾ. ಕೋಪ ಮಾಡಿಕೊಳ್ಳಲು ಬೇರೆ ಯಾರಾದರೂ ಸಿಗುತ್ತಾರೆ. ಅಮ್ಮ ಈಗಲೇ ತೆಂಗಿನ ಗರಿಯಲ್ಲಿ ಅನ್ನದ ಪೊಟ್ಟಣ ಹೆಣೆಯುವ ಮಾತಾಡುತ್ತಿದ್ದಾಳೆ. ಹೆಣೆಯಲು ಅವಳ ಬೆರಳಿಗೆ ನಿನ್ನ ಬೆರಳು ಬೇಕು.

ಅಲ್ಲಾಹು ನಿನ್ನನ್ನೂ ನಿನ್ನ ಮಕ್ಕಳನ್ನೂ ಕಾಪಾಡಲಿ. ಆ ಸೋರುವ ಸೂರಿನ ಕೆಳಗೆ ಕೂರುವ ಮಕ್ಕಳನ್ನೂ.

ನಿನ್ನ ಅಪ್ಪ,
ರೊಸ್ಮಾದಿ

ಮರೆತಿದ್ದು: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೂರನೆಯ ಸಲ ಅವನು ಕುಳಿತ ಮೇಲೆಯೂ ನನಗೆ ನಾಲ್ಕು ನಿಮಿಷ ಉಳಿದಿತ್ತು. ಮಂಡಿಸಲು ಒಂದು ಉಸಿರು ಸಾಕು. ಅವರ ಸಚೇತಕ ಹಿಂದೆ ತಿರುಗಿ, ಏಳು, ಏಳು ಎಂದು ಅವನಿಗೆ ಕೈ ಮಾಡುತ್ತಿದ್ದ. ಅವನು ಏಳಲಿಲ್ಲ. ತನ್ನ ಟಿಕೆಟ್ಟನ್ನು ಅಲ್ಲೇ ಬಿಟ್ಟುಕೊಟ್ಟು, ಆ ನಾಲ್ಕು ನಿಮಿಷ ನನಗೆ ಬಿಟ್ಟ. ನಾನು ಎದ್ದು ನಿಂತು ಅವನ ಕಡೆ ನೋಡಿದೆ. "ಸಭಾಧ್ಯಕ್ಷರೇ, ಬುಕಿತ್ ರಾಂಗ್ಸದ ಮಾನ್ಯರಿಗೆ ಇನ್ನೊಮ್ಮೆ ದಾರಿ ಬೇಕೇ?" ಎಂದು ನಾನೇ ಕೇಳಿದೆ. ಅವನು ತಲೆಯಾಡಿಸಿದ: ಬೇಡ, ನೀವು ಹೇಳಿ. ನನಗೆ ಅರ್ಥವಾಯಿತು. ಆದರೂ ಕಾಯುತ್ತ ನಿಂತೆ, ಗಂಟೆಯವರೆಗೆ. ನೇರಪ್ರಸಾರ ನೋಡಿದವರು ಮಗ ಕೊಟ್ಟ ಕಾಟಕ್ಕೆ ಅಪ್ಪನಿಗೆ ದಿಕ್ಕು ತಪ್ಪಿತು ಎಂದುಕೊಂಡರು.

ಅಪ್ಪ ಯಾಕೆ ಮಂಡಿಸಲಿಲ್ಲ ಎಂದು ಅಣ್ಣ ನಿನಗೆ ಫೋನು ಮಾಡಿ ಕೇಳಿಯೇ ಕೇಳುತ್ತಾನೆ. ಅವನ ದನಿ ಇನ್ನೊಮ್ಮೆ ಕೇಳಬೇಕೆಂದು ನಿಂತಿದ್ದೆ ಅಂತ ಹೇಳಬೇಡ. ಮಂಡಿಸುವ ಮಾತು ಅಪ್ಪನಿಗೆ ನೆನಪಾಗಲಿಲ್ಲವಂತೆ, ವಯಸ್ಸಾಯಿತಲ್ಲ, ಎಂದುಬಿಡು.