ಮಕ್ಕಳ ಹೆಸರು ಉಳಿದುಹೋದ ಲಗ್ನಪತ್ರಿಕೆ

ಸಿಂದಗಿ, ೨೦೦೬

ದಾನೇಶ್ವರಿ,

ನೀನು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಲಗ್ನಪತ್ರಿಕೆ ಮಾಡಿಕೊಡುವ ನಮ್ಮ ಅಂಗಡಿಗೆಂದು ನಾವಿಬ್ಬರೂ ವಿಜಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಆ ಹಳೆಯ ಕಂಪ್ಯೂಟರ್ ಇವತ್ತು ನಿಂತೇಬಿಟ್ಟಿತು. ರಿಪೇರಿಯ ಕಲ್ಮೇಶ ನೋಡಿ, "ಜಾಗಾನ ಉಳಿದಿಲ್ರಿ ಅಕ್ಕಾರ, ಬ್ಯಾಡಾದ್ದೆಲ್ಲಾ ಅಳಿಸ್ರಿ" ಎಂದ.

ಆಟಗಳನ್ನು ಅಳಿಸಿದೆ, ಯಾರೂ ಬಳಸದ ಪ್ರೋಗ್ರಾಮುಗಳನ್ನು ತೆಗೆದೆ. ಹಳೆಯ ಲಗ್ನಪತ್ರಿಕೆಗಳ ನಡುವೆ ನಿನ್ನದು ಸಿಕ್ಕಿತು. ಹಳೆಯದನ್ನು ತೆರೆದು ಹೆಸರು ಬದಲಿಸಿ ಹೊಸದು ಮಾಡುವುದು ನಮ್ಮ ಪದ್ಧತಿಯೇ ಅಲ್ಲವೇ? ನೀನು ತೆರೆದದ್ದು ನನ್ನ ಪತ್ರಿಕೆಯನ್ನು, ಅಚ್ಚಾಗದೇ ಉಳಿದದ್ದನ್ನು. ವಧುವಿನ ಹೆಸರು, ತಂದೆ-ತಾಯಿಯ ಹೆಸರು, ತಾರೀಖು ಎಲ್ಲ ಬದಲಿಸಿದ್ದೀ. ವರನ ಹೆಸರು ಬದಲಿಸುವ ಅಗತ್ಯ ಬಿದ್ದಿಲ್ಲ.

ಅವಸರದಲ್ಲಿ ಕೊನೆಯ ಸಾಲೂ ಹಾಗೇ ಉಳಿದಿದೆ: "ನಮ್ಮ ಅತ್ತೆಯ ಮದುವೆಗೆ ತಪ್ಪದೇ ಬನ್ನಿ. ಪವನ, ಅಕ್ಷತಾ." ಅವರು ನನ್ನ ಅಣ್ಣನ ಮಕ್ಕಳು. ನಿನಗೆ ಅಣ್ಣತಮ್ಮಂದಿರೇ ಇಲ್ಲ.

"ನನಗ ಏನೂ ಗೊತ್ತಿರಲಿಲ್ಲವ್ವಾ, ನಿಂದು ಮುರದ ಮ್ಯಾಲ ಹಿರ್ಯಾರು ಮಾತಾಡ್ಯಾರ" ಎಂದಿದ್ದೆ ನೀನು. ಫೈಲಿನ ತಾರೀಖು ನೋಡಿದೆ. ವರನ ಕಡೆಯವರು ನಮ್ಮ ಮನೆಗೆ ಬಂದು ಸಂಬಂಧ ಬೇಡವೆಂದು ಹೇಳುವುದಕ್ಕಿಂತ ಎಂಟು ದಿನ ಮುಂಚಿನದು.

ಮಧ್ಯಾಹ್ನ ಬಾಗೇವಾಡಿಯ ಸೀತವ್ವ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ನಿನ್ನದನ್ನೇ ತೆರೆದೆ. ನಿನ್ನ ಹೆಸರು ಅಳಿಸಿ ಅವರ ಮಗಳ ಹೆಸರು ಹಾಕಿದೆ. ಇಷ್ಟು ಹಗುರದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಮಕ್ಕಳ ಹೆಸರನ್ನು ಮಾತ್ರ ಮರೆಯದೆ ಬದಲಿಸಿದೆ.