ಮನೆಯೊಳಗೆ ಪಿನ್ನು ಕೂಡದು

ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ೧೦.೨೦

ಇವರನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಪೌಡರ್ ಹಾಕಿ, ಬೆಡ್‌ಶೀಟ್ ಬದಲಿಸಿದ್ದಾಯಿತು. ಇಡ್ಲಿ ಎರಡೇ ತಿಂದರು. ಮೂರನೆಯದಕ್ಕೆ ಮುಖ ಸಿಂಡರಿಸಿದರು. ಬಿಡಲಿ... ಗಂಡನನ್ನು ಪುಸಲಾಯಿಸುವಷ್ಟು ಸಹನೆ ಇವತ್ತು ನನಗಿಲ್ಲ.

ಬಿದ್ದು ಮೂರು ವಾರ. ತೊಡೆಗೆ ರಾಡ್ ಹಾಕಿದ್ದಾರೆ. ಏಪ್ರಿಲ್ ಮಧ್ಯದವರೆಗೆ ಕಾಲೂರಬಾರದಂತೆ.

ಕೈ ಸುಮ್ಮನಿರುತ್ತಿಲ್ಲ. ಬೇಳೆ ಬೇಯುವಷ್ಟರಲ್ಲಿ ಹಗ್ಗದ ಮೇಲಿನ ಕ್ಲಿಪ್ಪುಗಳನ್ನೆಲ್ಲ ಕಿತ್ತು, ಬಣ್ಣ ಬಣ್ಣ ಬೇರೆ ಮಾಡಿ, ಮತ್ತೆ ಸಾಲಾಗಿ ಸಿಕ್ಕಿಸಿದೆ. ಅತ್ತೆ ಕಿಟಕಿಯಿಂದ ನೋಡಿದರು. ಹಾಗೇ ಒಳಗೆ ಹೋದರು. ಕ್ಲಿಪ್ಪಿಗೆ ಅವರ ಅಡ್ಡಿಯಿಲ್ಲ, ಅದು ಪ್ಲಾಸ್ಟಿಕ್ಕು. ಅಡ್ಡಿ ಇರುವುದು ಪಿನ್ನಿಗೆ.

ಮಾರ್ಚ್ ೧೨

ಬರೆದಿಡದಿದ್ದರೆ ತಲೆ ಸಿಡಿಯುತ್ತದೆ. ಬರೆಯುತ್ತೇನೆ.

ಎಲ್ಲ ಹೆಂಗಸರ ಹಾಗೆ ನಾನೂ ತಾಳಿ ಸರದಲ್ಲಿ ನಾಲ್ಕೈದು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದೆ. ನನಗೆ ಸ್ವಲ್ಪ ಜಾಸ್ತಿಯೇ ಬೇಕು, ಅದು ನನ್ನ ಕಸುಬು. ಕುರ್ತಾ, ಡೆನಿಮ್ ಜಾಕೆಟ್, ರವಿಕೆ... ಯಾವುದಾದರೂ ಕೊಡಿ, ಪಿನ್ನುಗಳಿಗೆ ಮಣಿ ಪೋಣಿಸಿ, ಒತ್ತೊತ್ತಾಗಿ ಚುಚ್ಚಿ, ಬಳ್ಳಿ ಮಾಡುತ್ತೇನೆ, ನವಿಲು ಮಾಡುತ್ತೇನೆ. ವಿರಾಜಪೇಟೆ ಕಾಲೇಜಿನ ಹುಡುಗಿಯರು ಫೋನಿನಲ್ಲಿ ನೋಡಿ ಆರ್ಡರ್ ಕೊಡುತ್ತಿದ್ದರು. ಊರಲ್ಲಿ ನನಗೆ ‘ಪಿನ್ನಕ್ಕ’ ಅಂತಲೇ ಹೆಸರು. ಖುಷಿಯೇ ಇತ್ತು ಆ ಹೆಸರಿನಲ್ಲಿ.

ಇವರನ್ನು ಮಡಿಕೇರಿ ಆಸ್ಪತ್ರೆಗೆ ಸೇರಿಸಿದ ದಿನ ಬಗ್ಗಿ ನೀರು ಕುಡಿಸುತ್ತಿದ್ದೆ. ಸರ ಹೊರಗೆ ಬಿತ್ತು. ಅತ್ತೆ ನೋಡಿದರು. ವಾರ್ಡಿನಲ್ಲಿ ಎಲ್ಲರ ಎದುರಿಗೆ, ಒಂದೊಂದೇ ಪಿನ್ನು ಬಿಚ್ಚಿ ತೆಗೆದರು.

“ತಾಳಿಗೆ ಕಬ್ಬಿಣ ಸಿಕ್ಸಬೇಡ, ಗಂಡನ ಆಯಸ್ಸಿಗೆ ಚುಚ್ತದೆ ಅಂತ ಮದುವೆ ದಿನವೇ ಹೇಳಿದ್ದೆ. ಕೇಳಿದ್ಯೇನೇ?”

ಪಕ್ಕದ ಬೆಡ್ಡಿನವರ ತಂಗಿ ತನ್ನ ಸರ ಮುಟ್ಟಿ ನೋಡಿಕೊಂಡಳು. ಅಲ್ಲಿಂದ ನಮ್ಮೂರು ನಾಪೋಕ್ಲುವರೆಗೂ ಸುದ್ದಿ ನಮಗಿಂತ ಮುಂಚೆ ಬಂದಿತ್ತು.

ಮನೆಗೆ ಬಂದದ್ದೇ ತಡ, ನನ್ನ ಡಬ್ಬಗಳು, ಮಣಿಗಳು ಎಲ್ಲ ಅಟ್ಟಕ್ಕೆ. ಅವನು ಎದ್ದು ಓಡಾಡುವವರೆಗೆ ಮನೆಯೊಳಗೆ ಪಿನ್ನು ಕೂಡದು. ಹಾಗಂತ ಅತ್ತೆಯ ಅಪ್ಪಣೆ.

ಮಾರ್ಚ್ ೧೩. ಮಧ್ಯಾಹ್ನ

ನಿನ್ನೆ ಅರ್ಧ ಬರೆದೆ. ಇನ್ನರ್ಧ ಇದು.

ಇವರದ್ದು ಬಳ್ಳಿಯ ಮೇಲಿರುವಾಗಲೇ ಕರಿಮೆಣಸು ಗುತ್ತಿಗೆ ಹಿಡಿಯುವ ವ್ಯಾಪಾರ. ಹತ್ತುವವರು ಆಳುಗಳು, ಇವರು ಕೆಳಗೆ ನಿಲ್ಲಬೇಕು. ಅವತ್ತು ಕಕ್ಕಬೆ ತೋಟದಲ್ಲಿ ಮಾದ ಏಣಿ ಇಟ್ಟಿದ್ದ. ಇಪ್ಪತ್ತು ವರ್ಷದಿಂದ ಮೆಣಸು ಕುಯ್ಯುವವನು. ಇವರು ಅವನನ್ನು ತಳ್ಳಿ ತಾವೇ ಹತ್ತಿದರಂತೆ, ಜಾರಿ ಬಿದ್ದರಂತೆ. ಮಾದ ಆಸ್ಪತ್ರೆ ಗೇಟಿನಲ್ಲಿ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ್ದು:

“ಅಕ್ಕಾ, ಅಣ್ಣ ಬೆಳಿಗ್ಗೇನೇ ಹಾಕ್ಕಂಡಿದ್ರು. ನಾ ಬ್ಯಾಡ ಬ್ಯಾಡ ಅಂದೆ. ‘ನೋಡೋ, ಹೆಂಗೆ ಹತ್ತದು ಅಂತ ತೋರಿಸ್ತೀನಿ’ ಅಂದ್ರು. ನನ್ನ ಮೇಲೆ ತಪ್ಪು ಬರದು ಬ್ಯಾಡ ಅಕ್ಕಾ.”

ಅವನು ಹೇಳುವುದೇ ಬೇಕಾಗಿರಲಿಲ್ಲ. ಆಂಬುಲೆನ್ಸಿನಲ್ಲೇ ವಾಸನೆ ಮೂಗಿಗೆ ಬಡಿದಿತ್ತು. ಇವರು ನನ್ನ ಕೈ ಹಿಡಿದು, “ಅವ್ವಂಗೆ ಗೊತ್ತಾಗದು ಬೇಡ. ಆಣೆ ಹಾಕು” ಅಂದರು. ಹಾಕಿದೆ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಹಾಕುತ್ತಿದ್ದೆ.

ಈ ಊರಿನಲ್ಲಿ ಕುಡಿಯುವುದು ದೊಡ್ಡ ವಿಷಯವಲ್ಲ. ನನ್ನ ಹತ್ತಿರ ರವಿಕೆ ಮಾಡಿಸುವ ಕೊಡವರ ಬೊಳ್ಳಮ್ಮ ಆಂಟಿಯ ಮನೆಯಲ್ಲಿ ನೆಂಟರು ಬಂದರೆ ಗ್ಲಾಸ್ ಮೊದಲು, ಊಟ ಆಮೇಲೆ. ಆದರೆ ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಶನಿವಾರಸಂತೆ ಕಡೆಯ ನಮ್ಮವರಿಗೆ ತಿಳಿದರೆ ಅತ್ತೆ ತಲೆಯೆತ್ತಿ ಓಡಾಡುವ ಹಾಗಿಲ್ಲ. ಅದು ನನಗೂ ಅರ್ಥವಾಗುತ್ತದೆ. ಅರ್ಥವಾಗದ್ದು ಒಂದೇ. ವಾರ್ಡಿನಲ್ಲಿ ಅತ್ತೆ ಪಿನ್ನು ಬಿಚ್ಚುವಾಗ ಇವರಿಗೆ ಎಚ್ಚರವಿತ್ತು. ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡರು.

ಮಾರ್ಚ್ ೨೭, ಗುರುವಾರ

ಬೊಳ್ಳಮ್ಮ ಆಂಟಿ ಕಕ್ಕಬೆಯಿಂದ ಇವರನ್ನು ನೋಡಲು ಬಂದಿದ್ದರು. ಹೋಮ್‌ಸ್ಟೇ ನಡೆಸುವವರು, ಅರವತ್ತಕ್ಕೆ ಎರಡು ವರ್ಷ ಬಾಕಿ, ಧ್ವನಿ ಮಾತ್ರ ಗೇಟಿನಿಂದಲೇ ಶುರು. ಹಣ್ಣಿನ ಜೊತೆ ಒಂದು ಕವರ್ ತಂದಿದ್ದರು. ಮರೂನ್ ವೆಲ್ವೆಟ್ ರವಿಕೆ, ಉದ್ದ ತೋಳಿನದು.

“ಮೇ ನಾಲ್ಕಕ್ಕೆ ನನ್ನ ಅಣ್ಣನ ಮಗಂದು ಮದುವೆ. ಎಲ್ಲರದೂ ಅದೇ ಕಸೂತಿ, ಆರಿ ವರ್ಕ್, ಆರಿ ವರ್ಕ್! ನಂಗೆ ಪಿನ್ ವರ್ಕೇ ಬೇಕು. ಹೆಗಲ ಮೇಲೆ ಒಂದು ಬಳ್ಳಿ ಬರ್ಲಿ ಮಾರಾಯ್ತಿ, ಎದೆಗಿಳೀಲಿ.”

ಅತ್ತೆ ಕಾಫಿ ಹಿಡಿದುಕೊಂಡು ಬಂದವರು ನಿಂತರು. “ಅವಳು ಅದೆಲ್ಲ ಬಿಟ್ಟಿದಾಳೆ ಬೊಳ್ಳಮ್ಮಾರೆ.”

“ಬಿಟ್ಟಾ? ಯಾಕೆ?”

ನಾನು ಇವರ ಮುಖ ನೋಡಿದೆ. ಫ್ಯಾನ್ ನೋಡುತ್ತಿದ್ದರು.

ಬೀಳ್ಕೊಡುವ ನೆಪದಲ್ಲಿ ಗೇಟಿನವರೆಗೆ ಹೋಗಿ ಕವರ್ ಇಸಿದುಕೊಂಡೆ. ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬಂದೆ, ಕದ್ದವಳ ಹಾಗೆ. ನನ್ನ ಮನೆಗೆ ನಾನು!

ಏಪ್ರಿಲ್ ೩. ೧೧.೩೦

ಮಾಲತಿಯ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಸ್‌ಸ್ಟ್ಯಾಂಡಿನ ಪಕ್ಕ, ಟೈಲರಿಂಗ್. ಮಷಿನ್ ಹಿಂದೆ ಒಂದು ಸ್ಟೂಲ್ ಕೊಟ್ಟಿದ್ದಾಳೆ. ಪಿನ್ನು, ಮಣಿ ಎಲ್ಲ ಹೊಸದಾಗಿ ತಂದೆ. ತರಕಾರಿಗೆ ಅಂತ ಮನೆ ಬಿಡುವುದು, ಒಂದು ಗಂಟೆ ಇಲ್ಲಿ ಕೂರುವುದು, ಬೀನ್ಸ್ ಹಿಡಿದುಕೊಂಡು ಓಡುವುದು. ವಾರದಲ್ಲಿ ಮೂರನೇ ಸಲ ಬೀನ್ಸ್.

“ನಿಮ್ಮ ಅತ್ತೆ ಬಂದು ಕೇಳಿದ್ರೆ ನಾನು ಎಂತ ಹೇಳುದು?” ಅಂದಳು ಮಾಲತಿ.

“ಸುಳ್ಳು ಹೇಳು. ನಮ್ಮನೇಲಿ ಅದು ರೂಢಿ.”

ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಆದರೂ ಮೊದಲ ಪಿನ್ನು ವೆಲ್ವೆಟ್ಟಿಗೆ ಇಳಿದು ಟಿಕ್ ಅಂತ ಮುಚ್ಚಿಕೊಂಡಾಗ... ಆರು ವಾರದ ಮೇಲೆ ಉಸಿರು ಪೂರ್ತಿ ಒಳಗೆ ಹೋದ ಹಾಗಾಯಿತು.

ಏಪ್ರಿಲ್ ೧೬

ಇವರು ಇವತ್ತು ವಾಕರ್ ಹಿಡಿದು ನಿಂತರು. ಎರಡು ಹೆಜ್ಜೆ. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ, “ಆ ಪಿನ್ನು ಮನೆಯಿಂದ ಹೋದ್ಮೇಲೇ ಕಾಲು ಬಂತು ನೋಡು” ಅಂದರು. ಡಾಕ್ಟರು ಹೇಳಿದ ತಾರೀಖಿಗೇ ಬಂದಿದೆ ಎಂದು ಬಾಯಿಯ ತುದಿಗೆ ಬಂತು. ನುಂಗಿದೆ.

ಏಪ್ರಿಲ್ ೨೦, ಭಾನುವಾರ. ಸಂಜೆ

ದೊಡ್ಡಮಾವನ ಫೋನು. ಗಂಗಣ್ಣ ದೊಡ್ಡಮಾವ, ನನ್ನ ಮಾವನ ಅಣ್ಣ, ಮಾವ ತೀರಿಕೊಂಡ ಮೇಲೆ ಈ ಮನೆಗೆ ಹಿರಿಯರು. ಅತ್ತೆ ಸ್ಪೀಕರಿನಲ್ಲಿಟ್ಟೇ ಮಾತಾಡುವುದು.

“ನಾನು ಮಠದಲ್ಲಿ ಕೇಳ್ಸಿದೀನಿ ಮಹಾದೇವಮ್ಮ. ದೋಷ ಅಂತಲೇ ಬಂತು. ಒಂದಾರು ತಿಂಗಳು ಹುಡುಗೀನ ತವರಿಗೆ ಕಳ್ಸು. ಮುಂದಿನ ವಾರ ಬರ್ತೀನಿ, ಅವಳ ಅಪ್ಪಂಗೂ ನಾನೇ ಹೇಳ್ತೀನಿ.”

ತವರಿಗೆ. ಆರು ತಿಂಗಳು. ಗಂಡನ ಕಾಲು ಮುರಿದವಳು ಅಂತ ಅಪ್ಪನ ಮನೆಯ ಜಗಲಿಯಲ್ಲಿ ಕೂರಬೇಕು. ಆಮೇಲೆ ವಾಪಸು ಕರೆಸುತ್ತಾರೋ ಇಲ್ಲವೋ, ಯಾರು ಬಲ್ಲರು.

ನೇರ ಇವರ ಹತ್ತಿರ ಹೋದೆ. ಬಾಗಿಲು ಹಾಕಿದೆ.

“ಹೇಳಿಬಿಡಿ.”

“ಏನು?”

“ಏನು ಅಂತ ಗೊತ್ತು. ನಾನು ಹೇಳಲ್ಲ, ಆಣೆ ಹಾಕಿದೀನಿ. ನೀವು ಹೇಳಿ.”

“ಸ್ವಲ್ಪ ತಡಿಯೇ. ಮೊದ್ಲು ನೆಟ್ಟಗೆ ನಡೆಯೋ ಹಾಗಾಗ್ಲಿ. ಅವ್ವ ತಡ್ಕೊಳ್ಳಲ್ಲ.”

“ನಾನು ತಡ್ಕೋಬಹುದಾ?”

ಗೋಡೆಯ ಕಡೆ ಮುಖ ತಿರುಗಿಸಿದರು. ಈ ಮನುಷ್ಯನ ಮೇಲೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಆಮೇಲೆ ಅವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬಂದೆ. ಕೋಪ ಇದ್ದರೂ ಅದಕ್ಕೆ ನಾನೇ ತಾನೇ.

ಏಪ್ರಿಲ್ ೨೪, ಗುರುವಾರ. ೪ ಗಂಟೆ

ಥೂ ನನ್ನ ಬುದ್ಧಿಗೆ!

ಬೊಳ್ಳಮ್ಮ ಆಂಟಿ ಮಾಲತಿಯ ಅಂಗಡಿಗೆ ಟ್ರಯಲ್‌ಗೆ ಬಂದರು. ಬಲಹೆಗಲಿಂದ ಎದೆಯವರೆಗೆ ಬಳ್ಳಿ ಇಳಿಸಿದ್ದೆ, ಎಲೆಗೊಂದು ಬಂಗಾರದ ಬಣ್ಣದ ಪಿನ್ನು, ಹೂವಿಗೆ ಬಿಳಿ ಮಣಿ. ನನ್ನ ಕೈಯಿಂದ ಇಷ್ಟು ಚೆಂದದ ಕೆಲಸ ಆಗಿರಲಿಲ್ಲ. ಆಂಟಿ ರವಿಕೆ ತೊಟ್ಟು ಕನ್ನಡಿ ನೋಡಿ ಖುಷಿಯಾದರು. ಆಮೇಲೆ ಸೀರೆ ಉಟ್ಟರು, ಕೊಡವರ ಕ್ರಮದಲ್ಲಿ. ನೆರಿಗೆ ಹಿಂದೆ, ಸೆರಗು ಎಡಕಂಕುಳಿನಿಂದ ಬಂದು ಬಲಹೆಗಲ ಮೇಲೆ.

ಬಳ್ಳಿ ಪೂರ್ತಿ ಸೀರೆಯ ಅಡಿಗೆ. ಮೇಲಿಂದ ರೇಷ್ಮೆಯ ಎಳೆ ಬೇರೆ ಪಿನ್ನಿಗೆ ಸಿಕ್ಕಿಕೊಂಡಿತು. ಕಾಣುವ ಎಡಹೆಗಲು ಬೋಳು.

“ಎಂಥ ಮಾರಾಯ್ತಿ ಇದು! ನಾನೆಂಥ ನಿಮ್ಮ ಹಾಗೆ ಎಡಗಡೆ ಸೆರಗು ಹಾಕ್ತೇನಾ?”

ಏಳು ವರ್ಷದಿಂದ ಈ ಊರಿನಲ್ಲಿದ್ದೇನೆ. ದಿನಾ ನೋಡುತ್ತೇನೆ. ಕೆಲಸಕ್ಕೆ ಕೂತಾಗ ಮಾತ್ರ ಕಣ್ಣೆದುರಿಗೆ ಬಂದದ್ದು ಶನಿವಾರಸಂತೆಯ ಅಮ್ಮ, ಚಿಕ್ಕಮ್ಮ, ನಾನು. ಎಡಹೆಗಲಿಗೆ ಸೆರಗಿನವರು. ಆಂಟಿ ಹೊಟ್ಟೆ ಹಿಡಿದು ನಕ್ಕರು, ಮಾಲತಿಯೂ ನಕ್ಕಳು. ನನಗೆ ಅಳು ಬಂತು. ಎಲ್ಲದಕ್ಕೂ ಸೇರಿಸಿ ಅತ್ತದ್ದು, ಅವರಿಗೆ ರವಿಕೆಗೆ ಅಂದುಕೊಂಡರು.

ಎಲ್ಲ ಬಿಚ್ಚಬೇಕು. ವೆಲ್ವೆಟ್ಟಿನ ತೂತುಗಳನ್ನು ಹಬೆ ಹಿಡಿದು ಮುಚ್ಚಬೇಕು. ಎಡಗಡೆ ಮೊದಲಿಂದ. ಮದುವೆಗೆ ಉಳಿದಿರುವುದು ಹತ್ತೇ ದಿನ. ಬೀನ್ಸಿನ ನೆಪದಲ್ಲಿ ಆಗುವ ಕೆಲಸವಲ್ಲ.

ಏಪ್ರಿಲ್ ೨೫

ರವಿಕೆಯನ್ನು ಮನೆಗೇ ತಂದೆ. ಮುಚ್ಚಿಕೊಂಡು ಅಲ್ಲ. ಇವರ ಮಂಚದ ಪಕ್ಕ ಚಾಪೆ ಹಾಸಿ, ಸ್ಟೀಲ್ ತಟ್ಟೆ ಇಟ್ಟು, ಒಂದೊಂದೇ ಪಿನ್ನು ಬಿಚ್ಚಿ ಹಾಕತೊಡಗಿದೆ. ಟಣ್. ಟಣ್. ಇವರು, “ಅವ್ವ ಬರ್ತಾಳೆ, ತೆಗಿಯೇ” ಅಂದರು. ಬರಲಿ ಅಂದೆ.

ಬಂದರು. ಬಾಗಿಲಲ್ಲೇ ನಿಂತರು.

“ಇನ್ನೂ ಏನಾಗ್ಬೇಕು ಅಂತಿದ್ಯೇ ಅವನಿಗೆ?”

“ಪಿನ್ನಿಂದ ಏನೂ ಆಗಿಲ್ಲ ಅತ್ತೆ.”

ಅಷ್ಟೇ ಹೇಳಿದೆ. ಆಣೆ ಮುರಿಯಲಿಲ್ಲ. ಅತ್ತೆ ತಟ್ಟೆಯ ಪಿನ್ನುಗಳನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಅಡುಗೆಮನೆಗೆ ಬಾ ಅಂತ ಸನ್ನೆ ಮಾಡಿದರು. ಹೋದೆ. ಧ್ವನಿ ತಗ್ಗಿಸಿದರು.

“ಅವತ್ತು ಅವನ ಅಂಗಿ ಒಗೆದವಳು ನಾನೇ ಅಲ್ವೇನೇ. ವಾಸನೆ ಹೋಗೋಕೆ ಎರಡು ಸಲ ಸೋಪು ಹಾಕಿದೀನಿ. ನಂಗೆ ಮೂಗಿಲ್ಲ ಅಂದ್ಕೊಂಡ್ಯಾ?”

ಕೈಯಲ್ಲಿದ್ದ ಪಿನ್ನನ್ನು ಕಟ್ಟೆಯ ಮೇಲಿಟ್ಟೆ.

“ಗೊತ್ತಿದ್ದೂ ನನ್ನ ಮೇಲೆ...”

“ಜನಕ್ಕೆ ಏನಾದ್ರೂ ಹೇಳ್ಬೇಕಿತ್ತು. ಕುಡುಕನ ತಾಯಿ ಅನ್ನಿಸ್ಕೊಳ್ಳೋದಕ್ಕಿಂತ... ಪಿನ್ನಾದ್ರೆ ತೆಗೆದು ಅಟ್ಟದಲ್ಲಿ ಇಡಬಹುದು. ಅದನ್ನ ಎಲ್ಲಿಡ್ಲಿ ನಾನು?”

“ನನ್ನನ್ನ ತವರಿಗೆ ಕಳಿಸ್ತಾರಂತಲ್ಲ, ಅದು?”

ಅತ್ತೆ ಒಲೆಯ ಕಡೆ ತಿರುಗಿದರು. ಹಾಲು ಉಕ್ಕಿರಲಿಲ್ಲ, ಆದರೂ ಉರಿ ಸಣ್ಣ ಮಾಡಿದರು.

ತಿರುಗಿ ನೋಡಿದರೆ ಇವರು. ವಾಕರ್ ಹಿಡಿದು ಅಡುಗೆಮನೆ ಬಾಗಿಲವರೆಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ. ಮುಖ ಬಿಳುಚಿತ್ತು. ವಾಪಸು ಹೋದರು, ಒಬ್ಬರೇ. ಯಾರೂ ಕೈ ಕೊಡಲಿಲ್ಲ.

ಏಪ್ರಿಲ್ ೨೭, ಭಾನುವಾರ. ೧೧.೪೦

ದೊಡ್ಡಮಾವ ಬಂದಿದ್ದಾರೆ. ಹಾಲ್‌ನಲ್ಲಿ ಕೂತಿದ್ದಾರೆ. ಕಾಫಿ ಕೊಟ್ಟು ಬಂದೆ. ನಾನು ಒಳಕೋಣೆಯಲ್ಲಿ. ಎಡಹೆಗಲ ಬಳ್ಳಿ ಅರ್ಧ ಆಗಿದೆ. ಎರಡು ಎಲೆ ಚುಚ್ಚುವುದು, ನಾಲ್ಕು ಸಾಲು ಬರೆಯುವುದು. ಒಂದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಬೆರಳಿಗೆ ಆಗಲೇ ಮೂರು ಸಲ ಚುಚ್ಚಿಕೊಂಡಿದ್ದೇನೆ. ಬಟ್ಟೆಯ ಬ್ಯಾಗು ಕಪಾಟಿನಿಂದ ಇಳಿಸಬೇಕೋ ಬೇಡವೋ ಗೊತ್ತಿಲ್ಲ.

ಕೇಳಿಸುತ್ತಿದೆ. ತವರಿನ ಮಾತು ಶುರುವಾಯಿತು. ಬುಧವಾರ ಒಳ್ಳೆ ದಿನವಂತೆ. ಅಪ್ಪನಿಗೆ ಈಗಲೇ ಫೋನ್ ಮಾಡುತ್ತಾರಂತೆ, ನಂಬರ್ ಕೇಳುತ್ತಿದ್ದಾರೆ.

ಅತ್ತೆ ನಂಬರ್ ಹೇಳುತ್ತಿಲ್ಲ. “ಕಾಫಿ ಆರ್ತಿದೆ ಭಾವ, ಕುಡೀರಿ” ಅನ್ನುತ್ತಿದ್ದಾರೆ.

ವಾಕರ್ ಸದ್ದು.

“ಅವಳನ್ನ ಎಲ್ಲಿಗೂ ಕಳ್ಸಲ್ಲ ದೊಡ್ಡಪ್ಪ.”

ಇವರ ಧ್ವನಿ.

“ನಿನ್ ಒಳ್ಳೇದಕ್ಕೇ ಕಣೋ ಕೀರ್ತಿ. ದೋಷ ಅಂತ ಬಂದಿರೋವಾಗ...”

“ದೋಷ ನನ್ನದು. ನಾನು ಕುಡಿದಿದ್ದೆ. ಬೆಳಿಗ್ಗೆ ಎಂಟಕ್ಕೇ ಕುಡಿದು ಏಣಿ ಹತ್ತಿದೆ. ಅವತ್ತೊಂದು ದಿನ ಅಲ್ಲ, ಎರಡು ವರ್ಷ ಆಯ್ತು. ಇವಳು ಬಾಯಿ ಮುಚ್ಕೊಂಡಿದ್ದು ನಾನು ಆಣೆ ಹಾಕಿಸಿದ್ದಕ್ಕೆ.”

ರಸ್ತೆಯಲ್ಲಿ ವಿರಾಜಪೇಟೆ ಬಸ್ಸು ಹೋಯಿತು.

ಎರಡು ತಿಂಗಳಿಂದ ಕಾದದ್ದು ಈ ಒಂದು ಮಾತಿಗೆ. ಕೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಎಲೆಯೊಂದನ್ನು ತಲೆಕೆಳಗಾಗಿ ಚುಚ್ಚಿದ್ದೇನೆ, ಬಿಚ್ಚಬೇಕು.

ಎರಡು ವರ್ಷ ಅಂದರಲ್ಲ. ನನಗೆ ಗೊತ್ತಿದ್ದದ್ದು ಒಂದೇ ವರ್ಷದ್ದು.

ದೊಡ್ಡಮಾವ ಎದ್ದರು. ಚಪ್ಪಲಿ ಮೆಟ್ಟುವ ಸದ್ದು. ಹೋಗಿ ಬರುತ್ತೇನೆ ಅನ್ನಲಿಲ್ಲ. ಗೇಟು ಹಾಕಿಕೊಂಡಿತು.

ಅತ್ತೆ ಅಳುತ್ತಿದ್ದಾರೆ. ಆಸ್ಪತ್ರೆಯಲ್ಲೂ ಅತ್ತವರಲ್ಲ. ಇವರು, “ಅವ್ವಾ, ಅವ್ವಾ” ಅನ್ನುತ್ತಿದ್ದಾರೆ, ಅತ್ತೆ ಓಗೊಡುತ್ತಿಲ್ಲ. ನನ್ನನ್ನು ಕರೆಯುತ್ತಿದ್ದಾರೆ. ಮಗನನ್ನಲ್ಲ, ನನ್ನನ್ನು. ಹೋಗಬೇಕು. ಹೋಗಿ ಅವರಿಗೆ ನಾನು ಏನಂತ ಹೇಳಲಿ? ಪೆನ್ನು ಇಟ್ಟು ಏಳುತ್ತೇನೆ.