ಮೂರು ಬೀದಿ ಆಚೆಯ ಬೇಕರಿ

ಅಕ್ಕನಿಗೆ ನಮಸ್ಕಾರ.

ಕೆಮ್ಮು ವಾಸಿಯಾಗಿದೆ, ಗಾಬರಿ ಬೇಡ. ತೀರಿಹೋದ ದೊಡ್ಡ ಅರ್ಥಶಾಸ್ತ್ರಜ್ಞರೊಬ್ಬರ ಮನೆಯಲ್ಲಿ ಕೂತು ಅವರ ಪುಸ್ತಕಗಳಿಗೆ ಹೊಸ ಬೈಂಡು ಹಾಕುತ್ತಿದ್ದೇನೆ. ‘ಜನ ಯಾವಾಗಲೂ ಅಗ್ಗದ ಅಂಗಡಿಗೇ ಹೋಗುತ್ತಾರೆ’ ಎಂದು ಬರೆದು ಹೆಸರು ಮಾಡಿದವರು ಇವರು. ಓದಿ ಹೇಳಿದರೆ ಅವರ ಅಡುಗೆಯಮ್ಮ ನಕ್ಕುಬಿಟ್ಟರು.

“ಎದುರಿಗೇ ಅಗ್ಗದ ಬೇಕರಿ ಇತ್ತು. ಇವರು ಮೂರು ಬೀದಿ ದಾಟಿ ಹೋಗಿ, ಜಾಸ್ತಿ ಕೊಟ್ಟು ಬ್ರೆಡ್ ತರೋರು. ಕೇಳಿದ್ರೆ, ಆ ಬೇಕರಿಯವನು ನನ್ನ ಮಂಡಿನೋವು ವಿಚಾರಿಸ್ತಾನೆ ಅನ್ನೋರು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.”

ನಿನ್ನೆ ಅವರ ಸ್ವಂತ ಪ್ರತಿಯ ಹೊಲಿಗೆ ಬಿಚ್ಚಿದೆ. ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ನನ್ನೊಬ್ಬನನ್ನು ಬಿಟ್ಟು’ ಎಂದಿತ್ತು. ಕೆಳಗೆ, ಕೈ ನಡುಗುವ ವಯಸ್ಸಿನ ಅಕ್ಷರದಲ್ಲಿ, ‘ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ನಿಂತ ಹನ್ನೊಂದು ಮಂದಿಯನ್ನೂ ಬಿಟ್ಟು.’

ಎದುರಿಗೆ ರೆಡಿಮೇಡ್ ಅಂಗಡಿ ಬಂತು, ಇನ್ನು ಹೊಲಿಗೆ ಅಂಗಡಿ ಮುಚ್ಚುತ್ತೇನೆ ಎಂದು ಬರೆದಿದ್ದೆಯಲ್ಲ. ಅಳತೆ ತೆಗೆಯುತ್ತಲೇ ಮನೆಮಂದಿಯನ್ನೆಲ್ಲ ವಿಚಾರಿಸುವ ನಿನ್ನ ಬಾಯಿ ಆ ಅಂಗಡಿಯ ಗೊಂಬೆಗಳಿಗೆ ಎಲ್ಲಿಂದ ಬರಬೇಕು? ಭಾವ ಏನೇ ಹೇಳಲಿ, ಬೋರ್ಡ್ ಇಳಿಸಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇಲ್ಲಿ ಷರಟು ಬಲು ಅಗ್ಗ. ಆದರೂ ಎರಡು ಷರಟಿನ ಬಟ್ಟೆ ಅಂಚೆಗೆ ಹಾಕಿದ್ದೇನೆ. ತೋಳು ಎಂದಿನಂತೆ ಒಂದಿಂಚು ಉದ್ದವಿಡು, ಅವಸರವೇನಿಲ್ಲ.

ನಿನ್ನ ಅಂಗಡಿಯ ಸಾಲಿನಲ್ಲಿ ನಿಂತಿರುವ,
ತಮ್ಮ